ರೂಟರ್ ಯಾವ ವಿಳಾಸದಿಂದ ಮಾತಾಡಬೇಕು ಅಂತ ನಾನೇ ಹೇಳಿಕೊಟ್ಟಿದ್ದು

ಗಂಗಾವತಿಯ ಒಂದು ರೈಸ್ ಮಿಲ್‌ನ ನೆಟ್‌ವರ್ಕ್ ನಾನು ನೋಡಿಕೊಳ್ಳುತ್ತೇನೆ. ಅದೇ ಮಾಲೀಕರ ಗೋದಾಮು ಸಿಂಧನೂರಿನಲ್ಲಿದೆ, ಎರಡರ ನಡುವೆ ವೈರ್‌ಗಾರ್ಡ್ ಟನಲ್, ಅಂದರೆ ಇಂಟರ್‌ನೆಟ್ ಮೇಲೆಯೇ ಗುಪ್ತವಾಗಿ ಹೋಗುವ ಖಾಸಗಿ ದಾರಿ, ಹಾಕಿದ್ದೇನೆ. ಮಿಲ್‌ನ ರೂಟರ್ ಅಂದರೆ ಡೆಬಿಯನ್ ಲಿನಕ್ಸ್ ಹಾಕಿದ ಒಂದು ಹಳೇ ಪಿಸಿ, ಅದರೊಳಗೆ ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡ್. ಒಂದು ಪೋರ್ಟಿಗೆ ಫೈಬರ್, ಇನ್ನೊಂದಕ್ಕೆ ಟವರ್‌ನಿಂದ ಬರುವ ವೈರ್‌ಲೆಸ್ ಲಿಂಕ್, ಮೂರನೇದು ಆಫೀಸಿಗೆ, ನಾಲ್ಕನೇದು ಗೇಟಿನ ಹತ್ತಿರ ಲಾರಿ ತೂಗುವ ವೇಬ್ರಿಡ್ಜಿಗೆ. ಟನಲ್ ಸೇರಿಸಿದರೆ ಐದು ಇಂಟರ್‌ಫೇಸ್, ಐದು ವಿಳಾಸ.

ಭತ್ತದ ಸುಗ್ಗಿ. ಗೇಟಿನ ಹೊರಗೆ ಲಾರಿ ಸಾಲು. ಬೆಳಿಗ್ಗೆ ಕಾಟಾ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ: 'ಸರ್, ನೆಟ್ ಐತ್ರೀ, ಆದ್ರ ಚೀಟಿ ಬರವಲ್ದು.' ತೂಕದ ಚೀಟಿ ಬರಬೇಕಾದರೆ ವೇಬ್ರಿಡ್ಜಿನ ಪಿಸಿ ಸಿಂಧನೂರಿನ ಸರ್ವರನ್ನು ಹೆಸರು ಹಿಡಿದು ಹುಡುಕುತ್ತದೆ. ಆ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಲಸವನ್ನು ನಾನು ಹಿಂದಿನ ದಿನವಷ್ಟೇ ರೂಟರಿಗೆ ವಹಿಸಿದ್ದೆ. ರೂಟರಿನಲ್ಲಿರುವ ಅನ್‌ಬೌಂಡ್ ಅನ್ನೋ ಡಿಎನ್‌ಎಸ್ ಪ್ರೋಗ್ರಾಂ ಆ ಪ್ರಶ್ನೆಯನ್ನು ಸಿಂಧನೂರಿಗೆ ದಾಟಿಸಬೇಕು.

ಆಫೀಸಿನ ಪಿಸಿಯಿಂದ ಸಿಂಧನೂರಿನ 192.168.40.10ಕ್ಕೆ ಪಿಂಗ್ ಮಾಡಿದೆ (ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷೆ), ಸಲೀಸಾಗಿ ಹೋಯಿತು. ವೇಬ್ರಿಡ್ಜಿನ ಪಿಸಿಯಿಂದಲೂ ಹೋಯಿತು. ರೂಟರ್ ಮೇಲೆ ಕೂತು ಪಿಂಗ್ ಮಾಡಿದರೆ ಒಂದೂ ಉತ್ತರ ಇಲ್ಲ. ಅಂದರೆ ಬೇರೆಯವರ ಪ್ಯಾಕೆಟ್ಟನ್ನು ಸರಿಯಾಗಿ ದಾಟಿಸುವ ರೂಟರ್‌ಗೆ ತನ್ನ ಸ್ವಂತ ಪ್ಯಾಕೆಟ್ ಕಳಿಸೋಕೆ ಆಗುತ್ತಿರಲಿಲ್ಲ.

ಸಿಂಧನೂರಿನ ಕಡೆ, ಬರುವ ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿದೆ. ಟನಲ್ ಇಂಟರ್‌ಫೇಸ್ ಮೇಲೆ ಏನೂ ಕಾಣಲಿಲ್ಲ. ಹೊರಗಿನ ಇಂಟರ್‌ಫೇಸ್ ಮೇಲೆ ನೋಡಿದರೆ ವೈರ್‌ಗಾರ್ಡಿನ ಯುಡಿಪಿ ಪ್ಯಾಕೆಟ್ ಸರಿಯಾಗಿ ಬರುತ್ತಿದೆ! ಅರ್ಧ ಗಂಟೆ ಫೈರ್‌ವಾಲ್ ರೂಲ್‌ಗಳನ್ನೇ ತಡಕಾಡಿದೆ, ಅಲ್ಲಿ ತಪ್ಪಿರಲಿಲ್ಲ. ಆಮೇಲೆ 'ಐಪಿ -ಎಸ್ ಲಿಂಕ್' ಕೊಟ್ಟು ಟನಲ್‌ನ ಲೆಕ್ಕ ನೋಡಿದಾಗ, ಒಳಬರುವ ಪ್ಯಾಕೆಟ್‌ಗಳ ಎರರ್ ಸಂಖ್ಯೆ ಪ್ರತಿ ಪಿಂಗಿಗೆ ಒಂದೊಂದು ಏರುತ್ತಿತ್ತು. ಅಲ್ಲಿಗೆ ವಿಷಯ ಹೊಳೆಯಿತು.

ಮಿಲ್ ರೂಟರಿನ ಮೇಲೆ 'ಐಪಿ ರೂಟ್ ಗೆಟ್ 192.168.40.10' ಅಂತ ಕೇಳಿದೆ. ಯಾವ ದಾರಿ, ಯಾವ ಸೋರ್ಸ್ ವಿಳಾಸ (ಕಳಿಸುವವರ ವಿಳಾಸ) ಅಂತ ಲಿನಕ್ಸಿನ ತಿರುಳಾದ ಕರ್ನಲ್ ಒಂದೇ ಸಾಲಿನಲ್ಲಿ ಹೇಳುತ್ತದೆ. ಸೋರ್ಸ್ 10.99.0.1 ಅಂತ ಬಂತು, ಅದು ಟನಲ್‌ನ ಸ್ವಂತ ವಿಳಾಸ. ಇದರಲ್ಲಿ ಕರ್ನಲ್ ತಪ್ಪೇನಿಲ್ಲ. ಪ್ರೋಗ್ರಾಂ ತಾನಾಗಿ ವಿಳಾಸ ಹೇಳದಿದ್ದರೆ ಲಿನಕ್ಸ್ ಮೊದಲು ದಾರಿ ಹುಡುಕುತ್ತದೆ. ಆ ರೂಟಿನಲ್ಲಿ 'ಎಸ್‌ಆರ್‌ಸಿ' (ಸೋರ್ಸ್) ಅಂತ ಬರೆದಿದ್ದರೆ ಅದನ್ನು ತಗೊಳ್ಳುತ್ತದೆ, ಇಲ್ಲದಿದ್ದರೆ ಹೊರಗೆ ಹೋಗುವ ಇಂಟರ್‌ಫೇಸಿನ ವಿಳಾಸವನ್ನೇ ಹಾಕುತ್ತದೆ. ಆದರೆ ಸಿಂಧನೂರಿನ ವೈರ್‌ಗಾರ್ಡಿನಲ್ಲಿ ಮಿಲ್‌ನ ಅಲೌಡ್ ಐಪಿ ಪಟ್ಟಿಗೆ ನಾನು ಬರೆದಿದ್ದು 192.168.20.0/23 ಮಾತ್ರ, ಅಂದರೆ ಆಫೀಸು ಮತ್ತು ವೇಬ್ರಿಡ್ಜು. ಪಟ್ಟಿಯಲ್ಲಿಲ್ಲದ ವಿಳಾಸದಿಂದ ಬಂದದ್ದನ್ನು ವೈರ್‌ಗಾರ್ಡ್ ಬಿಚ್ಚಿ ನೋಡಿ ಅಲ್ಲೇ ಬಿಸಾಡುತ್ತದೆ, ಟನಲ್ ಇಂಟರ್‌ಫೇಸಿಗೆ ಬಿಡುವುದೇ ಇಲ್ಲ. ಅದಕ್ಕೇ ಟಿಸಿಪಿಡಂಪಿಗೂ ಕಂಡಿರಲಿಲ್ಲ. ಗೋದಾಮಿನ ಗೇಟಿನವನು ತನ್ನ ಪಟ್ಟಿಯಲ್ಲಿರುವ ಮಿಲ್ಲಿನ ಚೀಟಿ ಇದ್ದರೆ ಮಾತ್ರ ಲಾರಿ ಒಳಗೆ ಬಿಡುತ್ತಾನಲ್ವಾ, ಹಾಗೆಯೇ.

10.99.0.1 ಅನ್ನೂ ಪಟ್ಟಿಗೆ ಸೇರಿಸಿದ್ದರೆ ಆ ಹೊತ್ತಿಗೆ ಮುಗಿಯುತ್ತಿತ್ತು. ನಾನು ಬೇಕಂತಲೇ ಸೇರಿಸಲಿಲ್ಲ. ಸೇರಿಸಿದರೆ ಅಲ್ಲಿನ ಫೈರ್‌ವಾಲ್, ಡಿಎನ್‌ಎಸ್ ಅನುಮತಿ, ಲಾಗ್ ಎಲ್ಲ ಕಡೆ ಒಂದೇ ರೂಟರಿಗೆ ಎರಡು ಹೆಸರಾಗುತ್ತದೆ, ಮುಂದೆ ಯಾರಾದರೂ ಲಾಗ್ ಓದಿದರೆ ಇದ್ಯಾವ ಮಷೀನು ಅಂತ ಹುಡುಕಬೇಕು. ರೂಟರ್ ಎಲ್ಲಿಂದ ಮಾತಾಡಿದರೂ ಒಂದೇ ವಿಳಾಸದಿಂದ ಮಾತಾಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ರೂಟಿಗೇ ವಿಳಾಸ ಕಟ್ಟಿದೆ: 'ಐಪಿ ರೂಟ್ ರಿಪ್ಲೇಸ್ 192.168.40.0/24 ಡೆವ್ ಡಬ್ಲ್ಯೂಜಿ0 ಎಸ್‌ಆರ್‌ಸಿ 192.168.20.1'. ಡಬ್ಲ್ಯೂಜಿ0 ಅಂದರೆ ಟನಲ್, 192.168.20.1 ಅಂದರೆ ರೂಟರಿನ ಆಫೀಸು ಕಡೆಯ ವಿಳಾಸ. ಚೀಟಿ ಬಂತು, ಲಾರಿ ಸಾಲು ಸರಿಯಿತು.

ಇದನ್ನು, ಟನಲ್ ಎಬ್ಬಿಸುವ ಡಬ್ಲ್ಯೂಜಿ-ಕ್ವಿಕ್‌ನ ಫೈಲಿನಲ್ಲಿ, ಕೊನೆಗೆ ಓಡುವ ಪೋಸ್ಟ್‌ಅಪ್ ಸಾಲಿಗೆ ಹಾಕಿ. 'ಆಡ್' ಅಲ್ಲ, 'ರಿಪ್ಲೇಸ್' ಅನ್ನಿ. ಡಬ್ಲ್ಯೂಜಿ-ಕ್ವಿಕ್ ಅಷ್ಟೊತ್ತಿಗೆ ಅದೇ ರೂಟನ್ನು ಎಸ್‌ಆರ್‌ಸಿ ಇಲ್ಲದೆ ಹಾಕಿರುತ್ತದೆ, 'ಆಡ್' ಅಂದರೆ ಈಗಾಗಲೇ ಇದೆ ಅಂತ ಎರರ್ ಕೊಟ್ಟು ಟನಲ್ಲೇ ಏಳುವುದಿಲ್ಲ.

ಸ್ವಲ್ಪ ದಿನ ಬಿಟ್ಟು ಇನ್ನೊಂದು ಪೆಟ್ಟು ಬಿತ್ತು. ಆಫೀಸಿನ ಕೇಬಲ್ಲನ್ನು ಬೇರೆ ಪೋರ್ಟಿಗೆ ಬದಲಿಸುವಾಗ 192.168.20.1 ವಿಳಾಸ ತೆಗೆದು ಹೊಸ ಪೋರ್ಟಿಗೆ ಹಾಕಿದೆ. ಒಂದೇ ಕ್ಷಣದ ಕೆಲಸ. ಸಿಂಧನೂರು ಪೂರ್ತಿ ಕಟ್ ಆಯಿತು, ಈ ಸಲ ಆಫೀಸಿನ ಪಿಸಿಗಳಿಂದಲೂ! ಒಂದು ವಿಳಾಸ ತೆಗೆದರೆ, ಅದನ್ನು ಎಸ್‌ಆರ್‌ಸಿಯಾಗಿ ಇಟ್ಟುಕೊಂಡ ರೂಟುಗಳನ್ನೂ ಕರ್ನಲ್ ಅಳಿಸುತ್ತದೆ. ವಿಳಾಸ ವಾಪಸ್ ಹಾಕಿದರೂ ರೂಟ್ ತಾನಾಗಿ ಬರುವುದಿಲ್ಲ. ಹಾಗಾಗಿ ಯಾವ ಪೋರ್ಟಿಗೂ ಅಂಟದ 192.168.22.1/32 ಅನ್ನೋ ವಿಳಾಸವನ್ನು ಲೂಪ್‌ಬ್ಯಾಕ್ (ರೂಟರಿನೊಳಗೇ ಇರುವ ಕಾಲ್ಪನಿಕ ಇಂಟರ್‌ಫೇಸ್) ಮೇಲೆ ಹಾಕಿದೆ, ಎಸ್‌ಆರ್‌ಸಿಗೆ ಅದನ್ನೇ ಕೊಟ್ಟೆ, ಅದೂ ಸೇರುವಂತೆ ಸಿಂಧನೂರಿನ ಪಟ್ಟಿಯಲ್ಲಿ /23 ಇದ್ದದ್ದನ್ನು /22 ಮಾಡಿದೆ. ಈಗ ಕೇಬಲ್ ಕಿತ್ತರೂ, ಕಾರ್ಡ್ ಬದಲಿಸಿದರೂ ರೂಟರಿನ ಗುರುತು ಅಲುಗಾಡುವುದಿಲ್ಲ. ಮೊದಲ ದಿನವೇ ಹೀಗೆ ಮಾಡಬೇಕಿತ್ತು.

ಇನ್ನು ಎರಡು ಇಂಟರ್‌ನೆಟ್ ಲಿಂಕಿನ ವಿಷಯ. ಇಲ್ಲಿ ಫೈಬರ್ 203.0.113.10, ಟವರ್ 198.51.100.20 ಅಂದುಕೊಳ್ಳಿ, ಇವು ಉದಾಹರಣೆಗೆಂದೇ ಮೀಸಲಿಟ್ಟ ಸಾಲಿನ ವಿಳಾಸಗಳು. ಡಿಫಾಲ್ಟ್ ದಾರಿ ಫೈಬರ್. ನಾನು ಮನೆಯಿಂದ ಟವರ್ ವಿಳಾಸಕ್ಕೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದರೆ ಉತ್ತರ ಫೈಬರಿನಿಂದ ಹೊರಡುತ್ತಿತ್ತು, ಸೋರ್ಸ್ ಮಾತ್ರ ಟವರಿನದು. ತಾನು ಕೊಡದ ವಿಳಾಸದ ಪ್ಯಾಕೆಟ್ಟನ್ನು ಫೈಬರಿನವರು ಬಿಡುವುದಿಲ್ಲ. ಅದು ಸರಿಯಾದ ಕ್ರಮವೇ, 2000ದಲ್ಲಿ ಬಂದ ಇಂಟರ್‌ನೆಟ್ ಮಾರ್ಗದರ್ಶಿ ದಾಖಲೆ ಆರ್‌ಎಫ್‌ಸಿ 2827 ಹೇಳುವುದೂ ಅದನ್ನೇ. ಪರಿಹಾರ: ಟವರಿಗೆ ಬೇರೆ ಟೇಬಲ್ (ದಾರಿಗಳ ಪಟ್ಟಿ), ಅದರಲ್ಲಿ ಟವರಿನ ಗೇಟ್‌ವೇ, ಮೇಲೆ 'ಐಪಿ ರೂಲ್ ಆಡ್ ಫ್ರಮ್ 198.51.100.20 ಟೇಬಲ್ 102'.

ಇಲ್ಲಿ ತುಂಬಾ ಜನ ಎಡವುತ್ತಾರೆ, ನಾನೂ ಎಡವಿದ್ದೆ. 'ಫ್ರಮ್' ರೂಲ್ ಕೆಲಸ ಮಾಡುವುದು ಸೋರ್ಸ್ ಮೊದಲೇ ಗೊತ್ತಿದ್ದಾಗ, ಅಂದರೆ ಬಂದದ್ದಕ್ಕೆ ಉತ್ತರ ಕೊಡುವಾಗ. ರೂಟರ್ ತಾನೇ ಹೊಸದಾಗಿ ಮಾತು ಶುರು ಮಾಡುವಾಗ ಸೋರ್ಸ್ ಇನ್ನೂ ಖಾಲಿ, ಆ ರೂಲ್ ಹೊಂದುವುದೇ ಇಲ್ಲ, ಮೇನ್ ಟೇಬಲ್ ತೀರ್ಮಾನ ಮಾಡುತ್ತದೆ. ಆದ್ದರಿಂದ ರೂಲ್ ಬೇರೆ, ಎಸ್‌ಆರ್‌ಸಿ ಬೇರೆ, ಎರಡೂ ಬೇಕು.

ಟೇಬಲ್ 102ರಲ್ಲಿ ಒಳಗಿನ ಜಾಲದ ದಾರಿ ಇರುವುದಿಲ್ಲ ಅನ್ನೋದನ್ನು ಮರೆಯಬೇಡಿ. ಅದಕ್ಕೂ ಮೊದಲು ನೋಡುವಂತೆ, ಚಿಕ್ಕ ಪ್ರಿಯಾರಿಟಿ ಸಂಖ್ಯೆ ಕೊಟ್ಟು, 'ಲುಕಪ್ ಮೇನ್ ಸಪ್ರೆಸ್_ಪ್ರಿಫಿಕ್ಸ್‌ಲೆಂತ್ 0' ಅಂತ ಒಂದು ರೂಲ್ ಹಾಕಿದರೆ ಮೇನ್‌ನ ಡಿಫಾಲ್ಟ್ ಬಿಟ್ಟು ಉಳಿದ ದಾರಿಗಳೆಲ್ಲ ಮೊದಲು ಸಿಗುತ್ತವೆ. ಹೊರಗಿನಿಂದ ಕ್ಯಾಮೆರಾಗೆ ಪೋರ್ಟ್ ಫಾರ್ವರ್ಡ್ ಇದ್ದರೆ ಇಷ್ಟೂ ಸಾಲದು, ಯಾವ ಲಿಂಕಿನಿಂದ ಬಂತು ಅಂತ ಗುರುತು ಹಾಕುವ ಕನೆಕ್ಷನ್ ಮಾರ್ಕ್ ಬೇಕು.

ಬಂದ ಪ್ಯಾಕೆಟ್ಟಿನ ವಾಪಸ್ ದಾರಿ ಪರೀಕ್ಷಿಸುವ ಆರ್‌ಪಿ_ಫಿಲ್ಟರ್ ಸೆಟ್ಟಿಂಗ್ ಕೂಡ ನೋಡಿ. ಅದು 1 ಇದ್ದರೆ, ಬಂದ ಇಂಟರ್‌ಫೇಸಿನಲ್ಲೇ ವಾಪಸ್ ದಾರಿ ಕಾಣದ ಪ್ಯಾಕೆಟ್ಟನ್ನು ಕರ್ನಲ್ ಸದ್ದಿಲ್ಲದೆ ಎಸೆಯುತ್ತದೆ. ನಾನು ಎರಡೂ ಲಿಂಕಿಗೆ 2 ಇಟ್ಟಿದ್ದೇನೆ, ಆಗ ಯಾವ ಇಂಟರ್‌ಫೇಸಿನಲ್ಲಾದರೂ ವಾಪಸ್ ದಾರಿ ಇದ್ದರೆ ಸಾಕು. 'ಆಲ್' ಮತ್ತು ಆ ಇಂಟರ್‌ಫೇಸ್ ಎರಡರಲ್ಲಿ ಯಾವುದು ದೊಡ್ಡದೋ ಅದೇ ಲೆಕ್ಕಕ್ಕೆ ಬರುವುದರಿಂದ, 'ಆಲ್'ನಲ್ಲಿ 1 ಬಿಟ್ಟು ಇಂಟರ್‌ಫೇಸಿನಲ್ಲಿ 0 ಮಾಡಿ ಕೂತರೆ ಏನೂ ಬದಲಾಗುವುದಿಲ್ಲ. ಅನುಮಾನ ಬಂದರೆ ಲಾಗ್_ಮಾರ್ಷಿಯನ್ಸ್ ಆನ್ ಮಾಡಿ, ಎಸೆದದ್ದು ಲಾಗಿನಲ್ಲಿ ಕಾಣುತ್ತದೆ.

ರೂಟರ್ ರೀಬೂಟ್ ಆದಾಗಲೆಲ್ಲ ಈಗ ಒಂದು ಚಿಕ್ಕ ಸ್ಕ್ರಿಪ್ಟ್ ಓಡುತ್ತದೆ. ಸಿಂಧನೂರು, ಫೈಬರ್ ಗೇಟ್‌ವೇ, ಟವರ್ ಗೇಟ್‌ವೇ, ಮೂರಕ್ಕೂ 'ಐಪಿ ರೂಟ್ ಗೆಟ್' ಕೇಳಿ, ಬಂದ ಸೋರ್ಸ್ ವಿಳಾಸ ನಾನು ಬರೆದಿಟ್ಟದ್ದಕ್ಕೆ ಹೊಂದದಿದ್ದರೆ ನನ್ನ ಫೋನಿಗೆ ಮೆಸೇಜ್ ಕಳಿಸುತ್ತದೆ. ಕಾಟಾ ಹುಡುಗ ಫೋನ್ ಮಾಡುವ ಮೊದಲೇ ನನಗೆ ಗೊತ್ತಾಗುತ್ತದೆ.