ಎಡಗೈ ತಿದಿಗೆ, ಬಲಗೈ ಮಕ್ಕಳಿಗೆ

ಅಕಾರ್ಡಿಯನ್, ಅಂದರೆ ಎದೆಗೆ ತಗುಲಿಸಿಕೊಂಡು ತಿದಿ ಎಳೆದು ಒತ್ತಿ ನುಡಿಸುವ ಪೆಟ್ಟಿಗೆ, ನನ್ನ ಹೊಟ್ಟೆಪಾಡು. ಹಗಲು ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಸಂಜೆ ಮತ್ತು ರಜೆ ದಿನಗಳಲ್ಲಿ ವೇದಿಕೆ. ವೇದಿಕೆಯ ಕೆಲಸ ಬಂದರೆ ಒಟ್ಟಿಗೆ ಬರುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ಶಾಲೆಯ ಸಂಬಳ ಹಾಗಲ್ಲ. ಮೊದಮೊದಲು ಶಾಲೆ ಸೇರಿದ್ದು ಅದಕ್ಕೇ. ಆದರೆ ಈ ವಾದ್ಯ ತರಗತಿಗೆ ಎಷ್ಟು ಹೊಂದುತ್ತದೆ ಅನ್ನೋದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾಯಿತು.

ನೋಡುವವರ ಕಣ್ಣು ಯಾವಾಗಲೂ ಬಲಗಡೆಯ ಕರಿ ಬಿಳಿ ಮನೆಗಳ (ಕೀಗಳ) ಮೇಲೆ. ಬೆರಳು ಓಡಿದರೆ ಚಪ್ಪಾಳೆ. ನಿಜವಾದ ಕೆಲಸ ನಡೆಯುವುದು ಎಡಗಡೆ. ತಿದಿಯನ್ನು ಎಳೆಯುವುದು, ಒತ್ತುವುದು ಎಡಗೈ. ಬಟನ್ ಹುಡುಕುವುದೂ ಅದೇ ಕೈ, ಅದೂ ಕಣ್ಣಿಗೆ ಕಾಣದೆ. ಹಾರ್ಮೋನಿಯಂ ಕೂಡ ರೀಡಿನ, ಅಂದರೆ ಗಾಳಿಗೆ ಅದುರಿ ನುಡಿಯುವ ಲೋಹದ ತೆಳು ನಾಲಗೆಯ, ವಾದ್ಯವೇ. ಆದರೆ ಅದರೊಳಗೆ ಗಾಳಿ ಕೂಡಿಡುವ ಇನ್ನೊಂದು ತಿದಿ ಇರುವುದರಿಂದ ಕೈ ಸ್ವಲ್ಪ ತಪ್ಪಿದರೂ ನಾದ ಸರಾಗವಾಗಿ ಹೋಗುತ್ತದೆ. ಅಕಾರ್ಡಿಯನ್‌ನಲ್ಲಿ ಅಂಥ ಉಳಿತಾಯ ಇಲ್ಲ. ತೋಳು ನಡುಗಿದರೆ ಸ್ವರವೂ ನಡುಗುತ್ತದೆ.

ನನ್ನ ದೊಡ್ಡ ಪೆಟ್ಟಿಗೆಯಲ್ಲಿ ಬಲಗಡೆ 41 ಮನೆ, ಎಡಗಡೆ 120 ಬಟನ್. ಪ್ರತಿ ಮನೆಗೆ ನಾಲ್ಕು ಜೋಡಿ ಉಕ್ಕಿನ ರೀಡು. ಜೋಡಿಯಲ್ಲಿ ಒಂದು ಎಳೆದಾಗ ನುಡಿಯುತ್ತದೆ, ಇನ್ನೊಂದು ಒತ್ತಿದಾಗ. ಅಂದರೆ ಬಲಗಡೆಯೇ 328 ರೀಡು. ಅವನ್ನು ಕೂರಿಸಿರುವುದು ಜೇನುಮೇಣ ಮತ್ತು ರಾಳದಲ್ಲಿ. ಅದಕ್ಕೇ ಬಿಸಿಲಲ್ಲಿ ನಿಂತ ಕಾರಿನೊಳಗೆ ಪೆಟ್ಟಿಗೆ ಬಿಟ್ಟು ಊಟಕ್ಕೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೇಣ ಸಡಿಲವಾದರೆ ರೀಡು ಕಳಚಿ ಬೀಳುತ್ತದೆ. ಆಮೇಲೆ ರಿಪೇರಿಯವರ ಹತ್ತಿರ ಓಡಬೇಕು. ಒಳ್ಳೆಯ ರಿಪೇರಿಯವರು ಒಳ್ಳೆಯ ವಾದಕರಿಗಿಂತ ಕಮ್ಮಿ.

ಈಗ ತರಗತಿಗೆ ಬರುತ್ತೇನೆ. ಪಿಯಾನೊ ನುಡಿಸುವ ಮೇಷ್ಟ್ರ ಮುಖ ಅರ್ಧ ಹೊತ್ತು ಪಿಯಾನೊ ಕಡೆಗೇ ಇರುತ್ತದೆ. ನನ್ನದು ಹಾಗಲ್ಲ. ಪೆಟ್ಟಿಗೆ ಎದೆ ಮೇಲೆ, ಕಣ್ಣು ಮಕ್ಕಳ ಮೇಲೆ. ಹಿಂದಿನ ಬೆಂಚಿನಲ್ಲಿ ಬರೀ ಬಾಯಿ ಆಡಿಸುತ್ತಿರುವವನ ಪಕ್ಕಕ್ಕೆ ನುಡಿಸುತ್ತಲೇ ಹೋಗಿ ನಿಲ್ಲಬಹುದು. ಬೈಯೋದೇ ಬೇಡ, ತಾನಾಗಿ ದನಿ ಹೊರಡುತ್ತದೆ.

ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಎಡಗಡೆಯ ಬಟನ್ನುಗಳ ಜೋಡಣೆ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಪೇಟೆಂಟ್ ಪಡೆದ ವಾದ್ಯದಲ್ಲಿ ಒಂದು ಕೀ ಒತ್ತಿದರೆ ಇಡೀ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬರುತ್ತಿತ್ತು. ಆ ಉಪಾಯ ಎಡಗಡೆ ಇವತ್ತಿಗೂ ಉಳಿದಿದೆ. ಸಿ (ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಇಂಥ ಅಕ್ಷರಗಳೇ ಹೆಸರು) ಬಟನ್ ಮೇಲೆ ಒಂದು ಸಣ್ಣ ಗುಳಿ ಇರುತ್ತದೆ, ಬೆರಳಿಗೆ ತಾಗಿದರೆ ಊರು ಸೇರಿದ ಹಾಗೆ. ಅದರ ಮೇಲೆ, ಗದ್ದದ ಕಡೆಗೆ, ಜಿ. ಕೆಳಗೆ ಎಫ್. ಮಕ್ಕಳ ಎಷ್ಟೋ ಹಾಡುಗಳಿಗೆ ಈ ಮೂರು ಕಾರ್ಡ್ ಸಾಕು, ಮೂರೂ ಅಕ್ಕಪಕ್ಕದಲ್ಲೇ ಇವೆ. ಹಾಡು ಮಕ್ಕಳಿಗೆ ತಗ್ಗಾಯಿತು ಅನ್ನಿಸಿದರೆ ಇಡೀ ಕೈಯನ್ನು ಎರಡು ಬಟನ್ ಮೇಲಕ್ಕೆ ಸರಿಸುತ್ತೇನೆ. ಸಿ ಇದ್ದದ್ದು ಡಿ ಆಯಿತು. ಬೆರಳಿನ ಓಟ ಅದೇ. ದೊಡ್ಡವರು ತಮ್ಮ ಗಂಟಲಿಗೆ ಹಿತವಾದ ಶ್ರುತಿಯಲ್ಲಿ ಮಕ್ಕಳ ಕೈಲಿ ಹಾಡಿಸುವುದು ಶಾಲೆಗಳ ಹಳೇ ಕಾಯಿಲೆ. ಮಕ್ಕಳು ಹೊಟ್ಟೆಯೊಳಗಿಂದ ಗೊಣಗಿದ ಹಾಗೆ ಹಾಡುತ್ತಾರೆ, ಮೇಷ್ಟ್ರು ಇವರಿಗೆ ಸ್ವರವೇ ಇಲ್ಲ ಅನ್ನುತ್ತಾರೆ. ಶ್ರುತಿ ಒಂದಿಷ್ಟು ಏರಿಸಿ ನೋಡಿ.

ಇನ್ನೊಂದು ಅನುಕೂಲವನ್ನು ಎಷ್ಟು ಹೇಳಿದರೂ ಕಮ್ಮಿ. ಹಾಡಿನ ದಾಟಿ ಮಕ್ಕಳ ಬಾಯಿಗೆ ಬಂದ ಮೇಲೆ ನಾನು ಬಲಗೈ ತೆಗೆದುಬಿಡುತ್ತೇನೆ. ತಾಳ, ಬೇಸ್ (ತಗ್ಗಿನ ಸ್ವರ), ಕಾರ್ಡ್ ಎಲ್ಲಾ ಎಡಗೈ ನೋಡಿಕೊಳ್ಳುತ್ತದೆ. ಬಲಗೈ ಪೂರ್ತಿ ಖಾಲಿ. ಸ್ವರ ಏರುವುದನ್ನು ಗಾಳಿಯಲ್ಲಿ ತೋರಿಸಲು, ಒಂದು ಸಾಲನ್ನು ನಿಲ್ಲಿಸಿ ಇನ್ನೊಂದಕ್ಕೆ ಶುರು ಮಾಡಿಸಲು, ಕಿಟಕಿಯಾಚೆ ನೋಡುತ್ತಿರುವವಳ ಕಡೆ ಬೆರಳು ಮಾಡಲು.

ಮತ್ತೆ ಉಸಿರು. ತಿದಿ ಎಲ್ಲಿ ದಿಕ್ಕು ಬದಲಿಸುತ್ತದೋ ಅಲ್ಲಿ ಮಕ್ಕಳು ಉಸಿರು ತೆಗೆದುಕೊಳ್ಳುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ, ಅವರು ನೋಡಿ ಕಲಿತದ್ದು. ಹಾಗಾಗಿ ಸಾಲಿನ ಮಧ್ಯೆ, ಪದದ ಮಧ್ಯೆ ದಿಕ್ಕು ಬದಲಿಸುವ ಹಾಗಿಲ್ಲ. ಬದಲಿಸಿದರೆ ಇಡೀ ತರಗತಿ ಅಲ್ಲೇ ಪದ ಮುರಿಯುತ್ತದೆ. ವೇದಿಕೆಯಲ್ಲಿ ಡ್ರಮ್ಮು, ಗಿಟಾರಿನ ಸದ್ದಿನಲ್ಲಿ ಇಂಥದ್ದು ಮುಚ್ಚಿಹೋಗುತ್ತದೆ. ತರಗತಿಯಲ್ಲಿ ಮುಚ್ಚಲು ಏನೂ ಇಲ್ಲ. ನನ್ನ ತಿದಿ ಹದಕ್ಕೆ ಬಂದದ್ದು ಮಕ್ಕಳಿಂದಲೇ. ಈಗ ಹೊಸ ಹಾಡು ಕೈಗೆ ಬಂದರೆ ಮೊದಲು ಸಾಹಿತ್ಯ ಓದುತ್ತೇನೆ, ಪೆನ್ಸಿಲಿನಲ್ಲಿ ಉಸಿರಿನ ಜಾಗ ಗುರುತು ಮಾಡುತ್ತೇನೆ. ಬೆರಳಿನ ಅಭ್ಯಾಸ ಆಮೇಲೆ. ವೇದಿಕೆಯ ಹಾಡುಗಳಿಗೂ ಇದೇ ಕ್ರಮ.

ವೇದಿಕೆಯ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ಎರಡು ಮೈಕ್ ಬೇಕು, ಎಡಕ್ಕೊಂದು, ಬಲಕ್ಕೊಂದು. ಎಡಗಡೆಯದು ಪೆಟ್ಟಿಗೆಗೇ ಸಿಕ್ಕಿಸುವಂಥದ್ದು ಇರಬೇಕು. ಸ್ಟ್ಯಾಂಡಿಗೆ ಹಾಕಿದರೆ ತಿದಿ ಎಳೆದಾಗಲೆಲ್ಲ ಬೇಸ್ ಎದ್ದು ಬಿದ್ದು ಆಡುತ್ತದೆ. ಸೌಂಡಿನವರು ಒಂದೇ ಮೈಕ್ ಸಾಕು ಸಾರ್ ಅನ್ನುತ್ತಾರೆ. ಸಾಲದು. ರಾತ್ರಿ ಕಾರ್ಯಕ್ರಮ, ಬೆಳಿಗ್ಗೆ ಮೊದಲ ಪಿರಿಯಡ್ ಇದ್ದರೆ ಗಂಟಲೂ ಬೆನ್ನೂ ಎರಡೂ ಕೈ ಕೊಡುತ್ತವೆ. ಅವತ್ತು ತರಗತಿಯಲ್ಲಿ ಕೇಳಿಸುವುದು, ತಾಳ ಹಾಕಿಸುವುದು ಜಾಸ್ತಿ, ಹಾಡುವುದು ಕಮ್ಮಿ.

ವಾದ್ಯವನ್ನೇ ಕಲಿಯುತ್ತೇನೆ ಅನ್ನುವ ಮಕ್ಕಳು ಆಗಾಗ ಬರುತ್ತಾರೆ. ಮನೆಯವರು ದೊಡ್ಡದನ್ನೇ ತರೋಣ, ಮುಂದಕ್ಕೂ ಆಗುತ್ತೆ ಅಲ್ವಾ ಅನ್ನುತ್ತಾರೆ. ಬೇಡ. 120 ಬೇಸಿನದು, ಅಂದರೆ ಎಡಗಡೆ 120 ಬಟನ್ ಇರುವುದು, ಹತ್ತು ಹನ್ನೆರಡು ಕಿಲೋ ತೂಗುತ್ತದೆ. ಮಗುವಿಗೆ 26 ಮನೆ, 48 ಬೇಸಿನದು ಬೇಕಾದಷ್ಟಾಯಿತು. ಕೊಳ್ಳುವ ಮೊದಲು ಏರ್ ಬಟನ್ (ಸ್ವರ ಬಾರದೆ ಗಾಳಿ ಮಾತ್ರ ಬಿಡುವ ಗುಂಡಿ) ಮುಟ್ಟದೆ, ಯಾವ ಮನೆಯನ್ನೂ ಒತ್ತದೆ ತಿದಿಯನ್ನು ಮೆಲ್ಲಗೆ ಎಳೆದು ನೋಡಿ. ಸಲೀಸಾಗಿ ತೆರೆದುಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ. ಬೆನ್ನ ಹಿಂದೆ ಎರಡು ಪಟ್ಟಿಗಳನ್ನು ಕೂಡಿಸುವ ಅಡ್ಡಪಟ್ಟಿ ಇಲ್ಲದಿದ್ದರೆ ಅದನ್ನು ಮೊದಲ ದಿನವೇ ಹಾಕಿಸಿ. ಇಲ್ಲದಿದ್ದರೆ ಪಟ್ಟಿ ಹೆಗಲಿಂದ ಜಾರುತ್ತಲೇ ಇರುತ್ತದೆ, ಮಗು ಅದನ್ನು ಸರಿಮಾಡಿಕೊಳ್ಳುವುದರಲ್ಲೇ ಪಾಠ ಮುಗಿಯುತ್ತದೆ.