ಐದು ಕಪ್ಪು ಮನೆಗಳಲ್ಲಿ ಸಿಕ್ಕಿದ ಹಾಡು

ನನ್ನ ಹತ್ತಿರ ಒಂದು ಚಪ್ಪಲಿ ಡಬ್ಬದ ತುಂಬ ಕ್ಯಾಸೆಟ್ ಇದ್ದವು. ಎಲ್ಲ 1993-94ರ ಸುಮಾರಿನವು, ಕಾಲೇಜು ದಿನಗಳವು. ಭಾವಗೀತೆಯ ಹುಚ್ಚು ಹಿಡಿದಿದ್ದ ಕಾಲ. ವಾರಕ್ಕೊಂದು ಪಲ್ಲವಿ ಹುಟ್ಟುತ್ತಿತ್ತು, ಚರಣ ಮಾತ್ರ ಬರುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಒಂದನ್ನಾದರೂ ಮುಗಿಸೋಣ ಅಂತ ಕೂತೆ.

ಹಳೆ ಡೆಕ್ಕಿಗೆ ಹೊಸ ಬೆಲ್ಟ್ ಹಾಕಿಸಿ, ಹೆಡ್ಡನ್ನು ಸ್ಪಿರಿಟ್ ಹಚ್ಚಿ ಒರೆಸಿ, ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಇಷ್ಟವಾದ ಪಲ್ಲವಿ ಸಿಕ್ಕಿತು. ಆದರೆ ಅದರ ಶ್ರುತಿ ಹಾರ್ಮೋನಿಯಂನ ಯಾವ ಮನೆಗೂ (ಬೆರಳಿಡುವ ಕೀಲಿ) ಕೂರಲಿಲ್ಲ. ಕಪ್ಪು ಮೂರಕ್ಕೂ (ಮೂರನೆಯ ಕಪ್ಪು ಮನೆ) ಬಿಳಿ ಐದಕ್ಕೂ ನಡುವೆ ನೇತಾಡುತ್ತಿತ್ತು. ಆಗಿನ ರೆಕಾರ್ಡರ್ ನಿಧಾನ ಓಡಿರಬೇಕು, ಈಗ ಅದೇ ಟೇಪು ಜೋರಾಗಿ ಓಡುತ್ತಿದೆ.

ದಾರಿ ತೋರಿಸಿದ್ದು ಟೇಪಿನಲ್ಲಿದ್ದ ಕರೆಂಟಿನ ಗುಂಯ್ ಸದ್ದು. ನಮ್ಮ ಕರೆಂಟು 50 ಹರ್ಟ್ಜ್, ಅಲ್ವಾ? ಟೇಪಿನಲ್ಲಿ ಅದು 51.5ರ ಹತ್ತಿರ ಇತ್ತು. ಅಂದರೆ ನೂರಕ್ಕೆ ಮೂರು ಜೋರು, ಅಂದರೆ ಅರ್ಧ ಮನೆಯಷ್ಟು ಏರಿಕೆ. ಆಗಿನ ಕರೆಂಟು 50ರಲ್ಲೇ ನೆಟ್ಟಗೆ ನಿಂತಿರುತ್ತಿರಲಿಲ್ಲ, ಹಾಗಾಗಿ ಅದನ್ನೊಂದೇ ನಂಬದೆ ಆಗಿನದೇ ಹಾರ್ಮೋನಿಯಂ ತೆಗೆದು ತಾಳೆ ನೋಡಿದೆ. ಸದ್ದು ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಸ್ಪೀಡ್ ಇಳಿಸಿದೆ, ಅದರ ಜೊತೆಗೇ ಶ್ರುತಿಯೂ ಇಳಿಯುತ್ತದೆ. ಸರಿಯಾಗಿ ಕಪ್ಪು ಮೂರಕ್ಕೆ ಬಂದು ಕೂತಿತು.

ಆಮೇಲೆ ಒಂದು ತಪ್ಪು ಮಾಡಿದೆ. ಸದ್ದನ್ನೆಲ್ಲ ತೊಳೆದುಬಿಡೋಣ ಅಂತ ನಾಯ್ಸ್ ರಿಡಕ್ಷನ್ನನ್ನು ಜಾಸ್ತಿ ಎಳೆದೆ. ದನಿ ಬಾವಿಯೊಳಗಿಂದ ಬಂದ ಹಾಗಾಯಿತು. ಕೊನೆಗೆ 6 ಡೆಸಿಬೆಲ್‌ಗೆ ನಿಲ್ಲಿಸಿದೆ. ಸ್ವಲ್ಪ ಗುಂಯ್ ಉಳಿಯಿತು, ಉಳಿಯಲಿ.

ನಿಜವಾದ ಕಷ್ಟ ಚರಣದ್ದು. ಮೂರು ವಾರ ಟೇಪಿನಲ್ಲಿದ್ದ ಆ ಹುಡುಗನ, ಅಂದರೆ ಆಗಿನ ನನ್ನ, ಹಾಗೇ ಬರೆಯಲು ಹೋದೆ. ಬೆಳದಿಂಗಳು, ಹೊಳೆ, ಗಾಳಿ. ಬರೆದದ್ದನ್ನು ಓದಿದರೆ ನನಗೇ ನಗು. ದನಿಯೂ ಆಗ ಏರುತ್ತಿದ್ದಷ್ಟು ಈಗ ಏರುವುದಿಲ್ಲ. ಕಪ್ಪು ಮೂರರಲ್ಲಿ ತಾರಸ್ಥಾಯಿ ಮುಟ್ಟಿದರೆ ಗಂಟಲು ಕಿತ್ತುಬರುತ್ತದೆ.

ಬೇಜಾರಾಗಿ ಸುಮ್ನೆ ಇನ್ನೊಂದು ಕ್ಯಾಸೆಟ್ ಹಾಕಿದೆ. ಅದರಲ್ಲಿ ಇನ್ನೊಂದು ಅರ್ಧ ಹಾಡು, ಮಾತಿಲ್ಲದ ಬರೀ ಧಾಟಿ. ಶುದ್ಧ ಧನ್ಯಾಸಿ ರಾಗ, ಕಪ್ಪು ಎರಡರಿಂದ. ಕೇಳುತ್ತ ಹಾರ್ಮೋನಿಯಂ ಮೇಲೆ ಬೆರಳಿಟ್ಟಾಗ ನಗು ಬಂತು. ನಾನು ಕಲಿತದ್ದೇ ಕಪ್ಪು ಮನೆಗಳ ಮೇಲೆ, ತಪ್ಪು ಸ್ವರ ಬೀಳುವ ಭಯವಿಲ್ಲ ಅಂತ. ಕಪ್ಪು ಮೂರನ್ನು ಷಡ್ಜ (ಮೊದಲ ಸ್ವರ ‘ಸ’) ಮಾಡಿಕೊಂಡರೆ ಐದು ಕಪ್ಪು ಮನೆಗಳೇ ಮೋಹನ ರಾಗ. ಅದೇ ಐದು ಮನೆ ಇಟ್ಟುಕೊಂಡು ಕಪ್ಪು ಎರಡನ್ನು ಷಡ್ಜ ಮಾಡಿದರೆ ಶುದ್ಧ ಧನ್ಯಾಸಿ. ಬಲ್ಲವರು ಇದಕ್ಕೆ ಗ್ರಹಭೇದ ಅಂತಾರೆ. ನಾನು ಸೋಮಾರಿತನದಲ್ಲಿ ಅದನ್ನೇ ಮಾಡಿಟ್ಟಿದ್ದೆ. ಎರಡೂ ಹಾಡು ಅವೇ ಐದು ಮನೆಗಳಲ್ಲಿದ್ದವು!

ಹಾಗಾಗಿ ಪಲ್ಲವಿ ಹುಡುಗನದೇ ಇರಲಿ, ಟೇಪಿನ ದನಿಯಲ್ಲೇ. ಚರಣ ಈಗಿನ ನಾನು ಹಾಡುತ್ತೇನೆ, ಷಡ್ಜ ಒಂದೂವರೆ ಸ್ವರ ಕೆಳಗೆ. ಗಂಟಲಿಗೂ ಆರಾಮ. ಬೆಳದಿಂಗಳನ್ನು ಬಿಟ್ಟು, ಕನ್ನಡಕ ಹುಡುಕುತ್ತ ಮನೆಯೆಲ್ಲ ಓಡಾಡುವವನ ಬಗ್ಗೆ ಬರೆದೆ. ಒಂದೇ ಸಂಜೆಯಲ್ಲಿ ಮುಗಿಯಿತು.

ತಂಬೂರಿಯನ್ನು ಮಾತ್ರ ತೆಗೆದುಹಾಕಬೇಕಾಯಿತು. ಹಿಂದೆ ಕಪ್ಪು ಮೂರು ಮೊಳಗುತ್ತಿದ್ದರೆ ಕಿವಿ ಹೊಸ ಷಡ್ಜವನ್ನು ಒಪ್ಪುವುದೇ ಇಲ್ಲ.

ತಬಲಾ ಗೆಳೆಯನದು. ದಾದ್ರಾ, ಆರು ಮಾತ್ರೆಯ ತಾಳ. ಲಯ ಎಣಿಸುವ ಮೆಟ್ರೋನೋಮ್ ಇಲ್ಲದೆ ಹಾಡಿದ ಪಲ್ಲವಿ, ನಿಮಿಷಕ್ಕೆ 88 ಮಾತ್ರೆಯಲ್ಲಿ ಶುರುವಾಗಿ 96ಕ್ಕೆ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದವನೇ, “ಗುರುವೇ, ಆಗ ಎಲ್ಲಿಗೆ ಓಡ್ತಿದ್ದೆ?” ಅಂದ. ದನಿಯನ್ನು ಹಿಗ್ಗಿಸಿ ಕುಗ್ಗಿಸಿ ಅಳತೆಗೆ ಕೂರಿಸಲಾ ಅಂತ ಕೇಳಿದೆ. ಬೇಡ ಅಂದ. ಅದರ ಹಿಂದೆಯೇ ಓಡಿ ನುಡಿಸಿದ.

ಪಲ್ಲವಿಯಿಂದ ಚರಣಕ್ಕೆ ಹೋಗುವ ದಾರಿ ಮಾತ್ರ ಹೊಳೆದಿರಲಿಲ್ಲ. ಅದೂ ಟೇಪಿನಲ್ಲೇ ಇತ್ತು. ಅವತ್ತು ಪಲ್ಲವಿಯ ಕೊನೆ ಸಾಲಿಗೆ ಕರೆಂಟು ಹೋಗಿತ್ತು. ರೆಕಾರ್ಡರಿನ ಮೋಟಾರು ನಿಲ್ಲುತ್ತ ನಿಲ್ಲುತ್ತ ಹಿಡಿದ ದನಿ, ಈಗ ಕೇಳಿದರೆ ಕುಂಯ್ ಅಂತ ಮೇಲಕ್ಕೆ ಹಾರುತ್ತದೆ. ಮೊದಲು ಅದನ್ನು ಕತ್ತರಿಸಿ ಬಿಸಾಡಿದ್ದೆ. ಹುಡುಕಿ ವಾಪಸ್ ಅಂಟಿಸಿದೆ. ಕುಂಯ್ ಆದ ಮೇಲೆ ಎರಡು ಸೆಕೆಂಡು ಏನೂ ಇಲ್ಲ, ಆಮೇಲೆ ಕಪ್ಪು ಎರಡು.