ಮುಕ್ತಶಾಲೆಯ ಆನ್‌ಲೈನ್ ಪಾಠ: ನೋಡಿದ್ದನ್ನು ಓದಿದ್ದಾಗಿಸುವುದು ಹೇಗೆ?

ಎಸ್‌ಎಸ್‌ಎಲ್‌ಸಿಯಲ್ಲಿ ಅನುತ್ತೀರ್ಣರಾದವರು, ಹಾಕಿ ಶಿಬಿರಗಳಲ್ಲೇ ತಿಂಗಳುಗಟ್ಟಲೆ ಕಳೆದು ತರಗತಿ ತಪ್ಪಿಸಿಕೊಂಡವರು, ತಂದೆತಾಯಿಯ ಜೊತೆ ಒಂದು ತೋಟದ ಲೈನ್‌ಮನೆಯಿಂದ ಇನ್ನೊಂದಕ್ಕೆ ಹೋಗುತ್ತಾ ಶಾಲೆ ಬಿಟ್ಟವರು: ನಿವೃತ್ತನಾದ ಮೇಲೆ ಶನಿವಾರ ಮಧ್ಯಾಹ್ನ ನನ್ನ ಮನೆಯ ಜಗಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಇಂಥವರೇ. ಅವರೆಲ್ಲ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ ಮೂಲಕ ಹತ್ತನೆಯ ತರಗತಿ ಮುಗಿಸಲು ಹೊರಟವರು. 1989ರಲ್ಲಿ ಆರಂಭವಾದ ಈ ಸಂಸ್ಥೆ ಕೇಂದ್ರ ಸರ್ಕಾರದ್ದು. 2021ರಿಂದ ಅದಕ್ಕೊಂದು ವರ್ಚುವಲ್ ಶಾಲೆಯೂ ಇದೆ. ವ್ಯವಸ್ಥೆಯಲ್ಲಿ ಕೊರತೆಗಳಿಲ್ಲವೆಂದಲ್ಲ, ಆದರೆ ನಾನು ಕಂಡ ಸೋಲುಗಳಲ್ಲಿ ಬಹುಪಾಲು ಮನೆಯೊಳಗೇ ಆದವು. ಮಗ ಹೆಡ್‌ಫೋನ್ ಹಾಕಿಕೊಂಡು ಫೋನಿನ ಮುಂದೆ ಕುಳಿತಿದ್ದನ್ನು ಕಂಡು ಓದುತ್ತಿದ್ದಾನೆಂದು ಮನೆಯವರು ನಂಬುತ್ತಾರೆ. ಮಗನೂ ಹಾಗೆಯೇ ನಂಬುತ್ತಾನೆ.

ಮೊದಲನೆಯದಾಗಿ, ವಿಷಯಗಳ ಆಯ್ಕೆ. ಒಂದು ಭಾಷೆಯೂ ಸೇರಿ ಐದು ವಿಷಯಗಳಲ್ಲಿ ಉತ್ತೀರ್ಣರಾದರೆ ಸಾಕು. ಎಸ್‌ಎಸ್‌ಎಲ್‌ಸಿಯಲ್ಲಿ ಈಗಾಗಲೇ ಪಾಸಾದ ವಿಷಯಗಳಿದ್ದರೆ ನಿಯಮಕ್ಕೆ ಒಳಪಟ್ಟು ಎರಡರ ಅಂಕಗಳನ್ನು ವರ್ಗಾಯಿಸಿಕೊಳ್ಳಬಹುದು. ನೋಂದಣಿ ಐದು ವರ್ಷ ಚಾಲ್ತಿಯಲ್ಲಿದ್ದು ಒಂಬತ್ತು ಅವಕಾಶಗಳು ದೊರೆಯುವುದರಿಂದ, ಐದನ್ನೂ ಒಂದೇ ಸಲ ಬರೆಯುವ ಆತುರ ಬೇಡ. ಮೊದಲ ಸಲಕ್ಕೆ ಎರಡು, ಬಹಳವೆಂದರೆ ಮೂರು. ಈ ವಿಷಯದಲ್ಲಿ ನಾನು ಯಾವ ಪೋಷಕರ ಒತ್ತಾಯಕ್ಕೂ ಮಣಿದಿಲ್ಲ.

ಎರಡನೆಯದು ಕಾಲದ ಲೆಕ್ಕ. ಸಾರ್ವಜನಿಕ ಪರೀಕ್ಷೆಗಳು ವರ್ಷಕ್ಕೆರಡು, ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್–ನವೆಂಬರ್ ಇನ್ನೊಮ್ಮೆ. ಏಪ್ರಿಲ್‌ನ ಪರೀಕ್ಷೆಗೆ ಓದಬೇಕಾದ ತಿಂಗಳುಗಳೆಲ್ಲ ಕಾಫಿ ಕೊಯ್ಲು, ಕಣದ ಕೆಲಸ, ಕರಿಮೆಣಸಿನ ಕೊಯ್ಲುಗಳಲ್ಲೇ ಕಳೆದುಹೋಗುವುದರಿಂದ, ತೋಟದ ಮನೆಯ ಮಕ್ಕಳಿಗೆ ನಾನು ಅಕ್ಟೋಬರನ್ನೇ ಸೂಚಿಸುತ್ತೇನೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇರುವುದಿಲ್ಲ ಎಂಬ ಆಕ್ಷೇಪಣೆ ಕೂಡಲೇ ಬರುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ, ಸಂತೆಗೆಂದು ಪೇಟೆಗೆ ಹೋದ ದಿನ ಬೇಕಾದ ವಿಡಿಯೊಗಳನ್ನೆಲ್ಲ ಕಡಿಮೆ ಗುಣಮಟ್ಟದಲ್ಲಿ ಇಳಿಸಿಕೊಂಡು, ಮುದ್ರಿತ ಪುಸ್ತಕವನ್ನು ಕೈಯಲ್ಲಿ ಇಟ್ಟುಕೊಂಡರೆ ಆ ಆಕ್ಷೇಪಣೆ ಉಳಿಯುವುದಿಲ್ಲ. ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಸಿಗ್ನಲ್ ಹುಡುಕುವ ಹುಡುಗರ ಚಿತ್ರ ಪತ್ರಿಕೆಯಲ್ಲಿ ಚೆಂದ ಕಾಣಬಹುದು, ಆದರೆ ಹಾಗೆ ನಿಂತು ಕೇಳಿದ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ.

ಮೂರನೆಯ ಹಂತದಲ್ಲೇ ಎಲ್ಲರೂ ಎಡವುವುದು. ಪಾಠ ನೋಡಿ ಮುಗಿಸಿದ ಮಗುವನ್ನು ಕೇಳಿದರೆ ಬರುವ ಉತ್ತರ ಒಂದೇ: ‘ಗೊತ್ತಿದೆ ಸರ್, ಬರೆಯಲು ಬರುವುದಿಲ್ಲ.’ ಬರೆಯಲು ಬಾರದಿದ್ದರೆ ಗೊತ್ತಿಲ್ಲವೆಂದೇ ಅರ್ಥ. ಒಳ್ಳೆಯ ಶಿಕ್ಷಕರು ಸರಾಗವಾಗಿ ವಿವರಿಸುವುದನ್ನು ಕೇಳುವಾಗ ಅವರ ಸರಾಗವೇ ನಮ್ಮದೆನ್ನಿಸಿಬಿಡುತ್ತದೆ. ಈ ಭ್ರಮೆಯನ್ನು ಕಳೆಯಲು ಖಾಲಿ ಹಾಳೆಯೊಂದನ್ನು ಬಿಟ್ಟು ಬೇರೆ ಸಾಧನ ನನಗೆ ತಿಳಿದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ವಿಡಿಯೊ ಹಾಕುವ ಮೊದಲು ಪುಸ್ತಕದಲ್ಲಿ ಆ ಪಾಠದ ಕೊನೆಗಿರುವ ಪ್ರಶ್ನೆಗಳನ್ನು ಓದಬೇಕು. ನೋಡುವಾಗ ಟಿಪ್ಪಣಿ ಬರೆಯಕೂಡದು, ಏಕೆಂದರೆ ಅದು ಪರದೆಯ ಮೇಲಿನ ಸಾಲುಗಳ ನಕಲಾಗುತ್ತದೆಯೇ ಹೊರತು ಮತ್ತೇನೂ ಅಲ್ಲ. ಹತ್ತು–ಹನ್ನೆರಡು ನಿಮಿಷಕ್ಕೆ ನಿಲ್ಲಿಸಿ, ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ಮೊದಲ ವಾರ ನಾಲ್ಕು ಸಾಲಿಗೆ ಪೆನ್ನು ನಿಂತುಬಿಡುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಅನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಿಂದ ಅದೇ ಹಾಳೆಯಲ್ಲಿ ಸೇರಿಸಬೇಕು. ಮರುದಿನ ಒಮ್ಮೆ, ನಾಲ್ಕನೆಯ ದಿನ ಒಮ್ಮೆ, ಹತ್ತನೆಯ ದಿನ ಇನ್ನೊಮ್ಮೆ ಅದೇ ಪಾಠವನ್ನು ಖಾಲಿ ಹಾಳೆಯಿಂದಲೇ ಆರಂಭಿಸಬೇಕು. ಕಲಿತದ್ದು ಮೊದಲ ಗಂಟೆಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆ ಎಂದು ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ನಡುವಿನ ದಿನಗಳನ್ನು ಹೀಗೆ ಹಿಗ್ಗಿಸುತ್ತಾ ಹೋಗುವುದಕ್ಕೆ ಅದೇ ಆಧಾರ.

ಭಾಗಮಂಡಲದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ‘ಮಳೆ ನೆರಳು’ ಪಾಠವನ್ನು ಎರಡು ಸಲ ನೋಡಿದ್ದ. ಬರೆಯಲು ಕೊಟ್ಟಾಗ, ‘ಬೆಟ್ಟ ಇರುವುದರಿಂದ ಮಳೆ ಬರುತ್ತದೆ’ ಎಂಬಲ್ಲಿಗೆ ನಿಲ್ಲಿಸಿದ. ಅವನ ಅಜ್ಜ ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟುಗಳ ಲೆಕ್ಕವನ್ನು ದಿನವೂ ಬರೆದಿಡುವವರು. ನಾನು ಉತ್ತರ ಹೇಳಲಿಲ್ಲ. ನಿಮ್ಮಲ್ಲಿ ಅಷ್ಟು ಸುರಿಯುವ ಮಳೆ ಕುಶಾಲನಗರಕ್ಕೆ ಹೋಗುವಷ್ಟರಲ್ಲಿ ಏಕೆ ಬಡವಾಗುತ್ತದೆ ಎಂದಷ್ಟೇ ಕೇಳಿದೆ. ನಾಲ್ಕನೆಯ ದಿನದ ಹಾಳೆಯಲ್ಲಿ, ಅರಬ್ಬೀ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಗುಲಿ ಮೇಲೇರುವುದು, ಏರಿದಂತೆ ತಣ್ಣಗಾಗಿ ಆವಿ ಹನಿಗಟ್ಟುವುದು, ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುವುದು ಎಲ್ಲವೂ ಸಾಲಾಗಿ ಬಂದಿದ್ದವು, ಜೊತೆಗೆ ಅಜ್ಜನ ಪುಸ್ತಕದ ಜುಲೈ ತಿಂಗಳ ಅಂಕಿಗಳೂ ಇದ್ದವು.

ಹಾಳೆಗಳನ್ನು ವಾರಕ್ಕೊಮ್ಮೆ ನೋಡಲು ಒಬ್ಬ ಹಿರಿಯರಿರಬೇಕು, ಮತ್ತು ಅವರು ವಿಷಯ ಬಲ್ಲವರೇ ಆಗಬೇಕಿಲ್ಲ. ಅಕ್ಕ ಆಗಬಹುದು, ತೋಟದ ಲೆಕ್ಕ ಬರೆಯುವ ರೈಟರ್ ಆಗಬಹುದು. ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಲು ಓದುಬರಹ ಬಂದರೆ ಸಾಕು. ಸರಿಯಿದ್ದಲ್ಲಿ ಒಂದು ಗೆರೆ, ಅರ್ಧ ಸರಿಯಿದ್ದಲ್ಲಿ ಒಂದು ಚುಕ್ಕೆ, ಬಿಟ್ಟುಹೋದಲ್ಲಿ ಒಂದು ಸೊನ್ನೆ ಹಾಕಲಿ. ಬೈಯುವುದು ಬೇಡ, ಆದರೆ ಶನಿವಾರ ತಪ್ಪಿಸುವುದೂ ಬೇಡ. ಎರಡು ವಾರ ಯಾರೂ ಕೇಳದಿದ್ದರೆ ಮೂರನೆಯ ವಾರ ಮಗು ಪುಸ್ತಕವನ್ನೇ ತೆರೆಯುವುದಿಲ್ಲವೆಂಬುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಗಣಿತಕ್ಕೂ ಇದೇ ಕ್ರಮ, ಸಣ್ಣ ಬದಲಾವಣೆಯೊಂದಿಗೆ: ಬಿಡಿಸಿ ತೋರಿಸಿದ ಲೆಕ್ಕದ ಕೊನೆಯ ಎರಡು ಸಾಲು ಮುಚ್ಚಿ ಮಗುವಿನಿಂದ ಪೂರ್ತಿ ಮಾಡಿಸಬೇಕು, ಆಮೇಲೆ ನಾಲ್ಕು ಸಾಲು, ಕೊನೆಗೆ ಪ್ರಶ್ನೆಯನ್ನು ಮಾತ್ರ ಉಳಿಸಬೇಕು. ನಕ್ಷತ್ರ, ಪದಕಗಳನ್ನು ಕೊಟ್ಟು ಹುರಿದುಂಬಿಸುವ ಕಲಿಕಾ ಆ್ಯಪ್‌ಗಳಿಗೆ ದುಡ್ಡು ಕಟ್ಟುವ ಮೊದಲು, ಅವು ಬರೆಯಿಸುತ್ತವೆಯೋ ಬರಿಯ ಒತ್ತಿಸುತ್ತವೆಯೋ ನೋಡಿಕೊಳ್ಳಿ. ಒತ್ತಿಸುವುದಷ್ಟೇ ಆದರೆ ಆ ದುಡ್ಡಿಗೆ ಒಂದು ರೀಮು ಕಾಗದ ಕೊಂಡುಕೊಳ್ಳುವುದು ಲೇಸು.

ನಾಲ್ಕನೆಯದು ಟಿಎಂಎ, ಅಂದರೆ ಶಿಕ್ಷಕರು ಅಂಕ ಹಾಕುವ ಮನೆಗೆಲಸ. ಇದಕ್ಕೆ ಶೇ 20ರ ತೂಕವಿದೆ. ಸಿದ್ಧ ಉತ್ತರಗಳನ್ನು ಪಿಡಿಎಫ್ ಮಾಡಿ ಮಾರುವವರು ವಾಟ್ಸ್‌ಆ್ಯಪ್‌ನಲ್ಲಿ ಬೇಕಾದಷ್ಟು ಸಿಗುತ್ತಾರೆ. ನನ್ನಲ್ಲಿಗೆ ಬರುತ್ತಿದ್ದ ಇಬ್ಬರು ಬೇರೆ ಬೇರೆ ಊರಿನವರಾಗಿದ್ದರೂ ಒಂದೇ ಅಕ್ಷರದೋಷದೊಂದಿಗೆ ಒಂದೇ ಉತ್ತರ ತಂದಾಗಲೇ ನನಗೆ ಈ ವ್ಯಾಪಾರ ತಿಳಿದದ್ದು. ಅಂಕದ ಮಾತು ಹಾಗಿರಲಿ, ಪರೀಕ್ಷೆಗೆ ಮುನ್ನ ವಿಷಯ ಬಲ್ಲವರು ನಮ್ಮ ಉತ್ತರವನ್ನು ಓದಿ ತಿದ್ದುವ ಒಂದೇ ಅವಕಾಶ ಅಲ್ಲಿ ಕೈತಪ್ಪುತ್ತದೆ. ಬರೆದ ಹಾಳೆಗಳ ಚಿತ್ರವನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕದಲ್ಲಿಟ್ಟು ತೆಗೆಯಿರಿ. ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಏರಿಸಿರಿ, ಏಕೆಂದರೆ ಕೊನೆಯ ದಿನ ನಮ್ಮ ಊರಿನ ಟವರೂ ಕೆಲಸ ಮಾಡುವುದಿಲ್ಲ.

ಐದನೆಯದಾಗಿ, ಜಾಲತಾಣದಲ್ಲಿ ಸಿಗುವ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಕನಿಷ್ಠ ಮೂರನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿಸಿ. ಪರದೆಗೆ ಒಗ್ಗಿದ ಕೈ ಎರಡನೆಯ ಗಂಟೆಗೆ ನೋಯುತ್ತದೆ. ಆ ನೋವು ಮನೆಯಲ್ಲೇ ಮುಗಿಯಲಿ. ಉತ್ತೀರ್ಣತೆಗೆ ಬೇಕಾದದ್ದು ಶೇ 33 ಎಂದು ಅಷ್ಟಕ್ಕೇ ಗುರಿಯಿಟ್ಟು ಓದುವವರು ಸಾಮಾನ್ಯವಾಗಿ 28ಕ್ಕೆ ಬಂದು ನಿಲ್ಲುತ್ತಾರೆ.

ಉಳಿದದ್ದು ಪರೀಕ್ಷೆಯ ದಿನ. ಕೇಂದ್ರ ಎಲ್ಲಿದೆಯೆಂಬುದನ್ನು ಹಾಲ್ ಟಿಕೆಟ್ ಬಂದ ಕೂಡಲೇ ನೋಡಿಕೊಳ್ಳಿ. ಅದು ಬೇರೆ ಊರಿನಲ್ಲಿದ್ದರೆ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಅಕ್ಟೋಬರ್ ಮಧ್ಯದಲ್ಲಿ ಪರೀಕ್ಷೆಯಿದ್ದರೆ ತಲಕಾವೇರಿಯ ತೀರ್ಥೋದ್ಭವದ ಜನಸಂದಣಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಆ ದಿನಗಳಲ್ಲಿ ಭಾಗಮಂಡಲದ ರಸ್ತೆಯ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಹಾಲ್ ಟಿಕೆಟನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಎರಡು ಪ್ರತಿ ಮುದ್ರಿಸಿ, ಒಂದನ್ನು ಗುರುತಿನ ಚೀಟಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಗುವಿನ ಕೈಗೆ ಕೊಡಿ, ಇನ್ನೊಂದು ನಿಮ್ಮ ಜೇಬಿನಲ್ಲಿರಲಿ.